ಗುಮ್ಮಟದಿಂದ ಧ್ವನಿಸುರುಳಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಂದ ಮಕ್ಕಳು ಪ್ರವಾಸ ಹೊರಟರೆಂದರೆ ಅವರು ಮೊದಲು ಇಳಿಯುವ ಸ್ಥಳ ಬಹುಮಟ್ಟಿಗೆ ಒಂದೇ. ಅದು ವಿಜಯಪುರದ ಗೋಳಗುಮ್ಮಟ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ, ಏದುಸಿರು ಬಿಡುತ್ತ, ಗುಮ್ಮಟದ ಒಳಸುತ್ತಿನ ಮೊಗಸಾಲೆಯನ್ನು ಮುಟ್ಟಿದೊಡನೆ ಪ್ರತಿಯೊಬ್ಬರೂ ಮಾಡುವ ಕೆಲಸವೂ ಒಂದೇ. ಚಪ್ಪಾಳೆ ತಟ್ಟುವುದು, ಇಲ್ಲವೇ ಗೆಳೆಯನ ಹೆಸರು ಹಿಡಿದು ಕೂಗುವುದು. ಕೂಗಿದ ಹೆಸರು ಒಮ್ಮೆಯಲ್ಲ, ಹಲವು ಬಾರಿ ತಿರುಗಿ ಬರುತ್ತದೆ. ಏಳು ಬಾರಿ ಎನ್ನುವವರುಂಟು. ಹತ್ತು ಬಾರಿ ಎಣಿಸಿದೆನೆಂದು ಪಂತ ಕಟ್ಟುವವರೂ ಉಂಟು. ಗೋಡೆಗೆ ಕಿವಿಗೊಟ್ಟು ನಿಂತವನಿಗೆ ಎದುರು ಬದಿಯಲ್ಲಿ ಪಿಸುಗುಟ್ಟಿದ ಮಾತು ಕೇಳಿಸುತ್ತದೆ. "ಸರ್, ಗ್ವಾಡಿ ಮಾತಾಡ್ತದ್ರಿ!" ಎಂದು ಬೆರಗಾಗಿ ಗುರುಗಳ ಕಡೆ ತಿರುಗುವ ಮಗು ಪ್ರತಿ ತಂಡದಲ್ಲಿಯೂ ಒಂದು ಇದ್ದೇ ಇರುತ್ತದೆ.

ಆ ಬೆರಗು ದೊಡ್ಡವರಿಗೂ ತಪ್ಪಿದ್ದಲ್ಲ. ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಈ ಕಟ್ಟಡ ಮುಗಿದದ್ದು 1656ರ ಸುಮಾರಿಗೆ. ಪಿಸುಮಾತು ಬಾಗಿದ ಗೋಡೆಯನ್ನು ಹಿಡಿದು ಹೇಗೆ ಸಾಗುತ್ತದೆಂಬ ಕುತೂಹಲದಿಂದ ವಿಜ್ಞಾನಿ ಸಿ. ವಿ. ರಾಮನ್ ಅವರು 1921ರಲ್ಲಿ ಲಂಡನ್ನಿನ ಸಂತ ಪಾಲರ ಇಗರ್ಜಿಯ ಗುಮ್ಮಟವನ್ನು ಪರೀಕ್ಷಿಸಿದರು. ಮರುವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ನಮ್ಮ ಗೋಳಗುಮ್ಮಟವನ್ನೂ ಸೇರಿಸಿಕೊಂಡರು. ಆದರೆ ಈ ಪಾಠಕ್ಕೆ ಬೇಕಾದುದು ಪಿಸುಮಾತಲ್ಲ, ಪ್ರತಿಧ್ವನಿ. ಅದರ ಲೆಕ್ಕ ಸುಲಭವಾದುದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಒಂದು ಬದಿಯಲ್ಲಿ ತಟ್ಟಿದ ಚಪ್ಪಾಳೆಯ ಸದ್ದು ಎದುರು ಗೋಡೆಯನ್ನು ಮುಟ್ಟಿ ಹಿಂದಿರುಗಲು 76 ಮೀಟರು ಪಯಣಿಸಬೇಕು. ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಆದುದರಿಂದ ಮೊದಲ ಮರುದನಿ ಬರುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ತಡವಾಗಿ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಅಂತರವಿದ್ದರೆ ನಮ್ಮ ಕಿವಿ ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಆದಿಲ್‌ಶಾಹಿಯ ಶಿಲ್ಪಿಗಳು ಇಟ್ಟಿಗೆ ಗಾರೆಗಳಿಂದ ಕಟ್ಟಿದ ಆ ಭಾರಿ ಗುಮ್ಮಟ, ಸಂಗೀತಗಾರನ ದೃಷ್ಟಿಯಿಂದ ನೋಡಿದರೆ, ಸೆಕೆಂಡಿನ ಐದನೆಯ ಒಂದು ಭಾಗ ಶಬ್ದವನ್ನು ತಡೆದು ಹಿಂದಿರುಗಿಸುವ ಯಂತ್ರ. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ; ಮುಂದೆ ಇದು ಮತ್ತೆ ಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳ ಕೆಲವು ಧ್ವನಿಮುದ್ರಣಾಲಯಗಳಲ್ಲಿ ಇಂಥ ಮರುದನಿಯನ್ನು ಕೈಯಲ್ಲಿ ಹಿಡಿದು, ಉದ್ದ ಮಾಡಿ, ತುಂಡರಿಸಿ, ತಲೆಕೆಳಗು ಮಾಡಿ, ಅದರಿಂದಲೇ ಸಂಗೀತ ಕಟ್ಟುವ ಪ್ರಯೋಗಗಳು ನಡೆದವು. ಅವುಗಳನ್ನು ನಡೆಸಿದವರಲ್ಲಿ ಬಹುಮಂದಿ ರಾಕ್ ಸಂಗೀತದ ತರುಣರು. ರಾಕ್ ಎಂಬುದು ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ತಲೆಯೆತ್ತಿದ, ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳ ಬಿರುಸಿನ ನಡೆಯ ಸಂಗೀತ. ಸಭ್ಯರು ಅದನ್ನು ಗದ್ದಲವೆಂದು ತಳ್ಳಿಹಾಕಿದ್ದರು. ಆ ಗದ್ದಲದ ನಡುವೆ ಎಂತಹ ಸೂಕ್ಷ್ಮವಾದ ಕೆಲಸ ನಡೆಯಿತು, ಅದರಲ್ಲಿ ಕನ್ನಡ ನಾಡಿನಿಂದ ಹೋದ ಒಬ್ಬರ ಪಾತ್ರವೇನಿತ್ತು ಎಂಬುದನ್ನು ನೋಡೋಣ.

ಮೊದಲು ಹಳೆಯ ಕ್ರಮವನ್ನು ತಿಳಿಯಬೇಕು. ವಿಜಾಪುರ ಜಿಲ್ಲೆಗೆ ಸೇರಿದ್ದ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯಿಂದ ಹೊರಟು ಮುಂಬಯಿ ಸೇರಿ ದೇಶಕ್ಕೆಲ್ಲ ಪ್ರಸಿದ್ಧರಾದ ಗಾಯಕಿ ಅಮೀರಬಾಯಿ ಕರ್ನಾಟಕಿ ಅವರ ಹೆಸರನ್ನು ನಿಮ್ಮ ಮನೆಯ ಹಿರಿಯರು ಕೇಳಿರಬಹುದು. 1943ರ 'ಕಿಸ್ಮತ್' ಚಿತ್ರದ ಹಾಡುಗಳು ಅವರಿಗೆ ಅಪಾರ ಕೀರ್ತಿ ತಂದವು. ಅವರ ಕಾಲದ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಒಂದು ಮುಖಕ್ಕೆ ಮೂರು, ಮೂರೂವರೆ ನಿಮಿಷದ ಹಾಡು. ಗಾಯಕರು, ಹಾರ್ಮೋನಿಯಮ್ಮಿನವರು, ತಬಲದವರು ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಂದೇ ಉಸಿರಿನಲ್ಲೆಂಬಂತೆ ಹಾಡಿ ಮುಗಿಸಬೇಕು. ಸೂಜಿ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತ ಹೋಗುತ್ತದೆ. ಒಮ್ಮೆ ಕೊರೆದುದನ್ನು ಅಳಿಸುವಂತಿಲ್ಲ. ಎರಡನೆಯ ನಿಮಿಷದಲ್ಲಿ ತಬಲದವನ ಕೈ ತಪ್ಪಿದರೆ ಆ ಮೇಣ ವ್ಯರ್ಥ. ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಹೀಗೆ ತಯಾರಾದ ತಟ್ಟೆಯನ್ನು ಜನ ನಡೆದ ಹಾಡಿಕೆಯ ಪಡಿಯಚ್ಚು ಎಂದು ನಂಬಿದ್ದರು.

ಆ ನಂಬಿಕೆ ಪೂರ್ಣ ಸರಿಯಾದುದಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಒಂದು ಗಂಟೆ ಬೆಳೆಯುವ ಖ್ಯಾಲನ್ನು ಮೂರೂವರೆ ನಿಮಿಷಕ್ಕೆ ಮುದುಡಿದಾಗಲೇ ಯಂತ್ರ ಸಂಗೀತದ ಮೇಲೆ ಕೈಮಾಡಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಕಾಂತೀಯ ಧ್ವನಿಸುರುಳಿ. ಸಣ್ಣಗಿನ ಪಟ್ಟಿಯೊಂದರ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಲೇಪಿಸಿ, ಶಬ್ದವನ್ನು ಕಾಂತತೆಯ ಏರಿಳಿತಗಳನ್ನಾಗಿ ಅದರಲ್ಲಿ ಹಿಡಿದಿಡುವ ಯಂತ್ರವನ್ನು ಜರ್ಮನರು 1930ರ ದಶಕದಲ್ಲಿ ರೂಪಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಅದು ಅಮೆರಿಕಕ್ಕೆ ಹೋಯಿತು. ತಟ್ಟೆಗೂ ಸುರುಳಿಗೂ ಇರುವ ಅಂತರ ಕಲ್ಲಿನ ಶಾಸನಕ್ಕೂ ಪಾಟಿಗೂ ಇರುವ ಅಂತರದಂತೆ. ಸುರುಳಿಯನ್ನು ಅಳಿಸಬಹುದು, ಮತ್ತೆ ಬರೆಯಬಹುದು. ಬ್ಲೇಡಿನಿಂದ ಕತ್ತರಿಸಿ ಬೇರೊಂದು ತುಂಡಿಗೆ ಅಂಟಿಸಬಹುದು. ಹಿಂದುಮುಂದಾಗಿ ಓಡಿಸಬಹುದು. ಮೆಲ್ಲಗೆ ಓಡಿಸಿದರೆ ಧ್ವನಿ ತಗ್ಗುತ್ತದೆ, ಬಿರುಸಾಗಿ ಓಡಿಸಿದರೆ ಏರುತ್ತದೆ. ಪ್ಯಾರಿಸ್ಸಿನ ಪಿಯರ್ ಷೆಫೇರ್ ಎಂಬವರು 1948ರಲ್ಲಿಯೇ, ಆಗಿನ್ನೂ ತಟ್ಟೆಗಳನ್ನು ಬಳಸಿಕೊಂಡು, ರೈಲುಗಾಡಿಯ ಸದ್ದುಗಳನ್ನು ಜೋಡಿಸಿ ಒಂದು ಕೃತಿಯನ್ನು ರಚಿಸಿದ್ದರು. ಸುರುಳಿ ಬಂದ ಮೇಲೆ ಇಂಥ ಕೆಲಸಕ್ಕೆ ರೆಕ್ಕೆ ಮೂಡಿತು.

ಈಗ ಗುಮ್ಮಟದ ಲೆಕ್ಕಕ್ಕೆ ಹಿಂದಿರುಗೋಣ. ಟೇಪ್ ಯಂತ್ರದಲ್ಲಿ ಸುರುಳಿಯು ಎರಡು ಪುಟ್ಟ ವಿದ್ಯುತ್ಕಾಂತಗಳನ್ನು ಒಂದರ ನಂತರ ಒಂದರಂತೆ ಸವರಿಕೊಂಡು ಹೋಗುತ್ತದೆ. ಇವುಗಳಿಗೆ 'ಹೆಡ್' ಎಂದು ಹೆಸರು. ಮೊದಲನೆಯದು ಶಬ್ದವನ್ನು ಬರೆಯುತ್ತದೆ, ಎರಡನೆಯದು ಓದುತ್ತದೆ. ಬರೆದ ಜಾಗ ಓದುವ ಹೆಡ್ಡನ್ನು ತಲುಪಲು ಸ್ವಲ್ಪ ಹೊತ್ತು ಬೇಕಷ್ಟೆ? ಆ ತಡವೇ ಮರುದನಿ. ಮುದ್ರಣಾಲಯಗಳಲ್ಲಿ ಸುರುಳಿ ಸಾಮಾನ್ಯವಾಗಿ ಸೆಕೆಂಡಿಗೆ 38 ಸೆಂಟಿಮೀಟರು ವೇಗದಿಂದ ಓಡುತ್ತಿತ್ತು. ಎರಡು ಹೆಡ್ಡುಗಳ ನಡುವೆ ಎಂಟೂವರೆ ಸೆಂಟಿಮೀಟರು ಅಂತರವಿರಿಸಿದರೆ ಗೋಳಗುಮ್ಮಟದ ಅಡ್ಡಗಲವನ್ನು ಸುತ್ತಿಬರುವ ಶಬ್ದಕ್ಕೆ ಎಷ್ಟು ತಡವಾಗುವುದೋ ಅಷ್ಟೇ ತಡವಾಗುತ್ತದೆ. ವಿಜಯಪುರದ ಆಕಾಶವನ್ನು ತುಂಬಿ ನಿಂತಿರುವ ಗುಮ್ಮಟದ ಮರುದನಿ ನಿಮ್ಮ ಅಂಗೈಯಗಲದ ಟೇಪಿನ ತುಂಡಿನಲ್ಲಿ ಅಡಗಿ ಕುಳಿತಿತೆಂದಾಯಿತು. ಅಷ್ಟೇ ಅಲ್ಲ, ಗುಮ್ಮಟದ ತಡವನ್ನು ಯಾರೂ ಬದಲಿಸಲಾರರು, ಸುರುಳಿಯ ತಡವನ್ನು ವೇಗ ಬದಲಿಸಿದ ಮಾತ್ರದಿಂದ ಹಿಗ್ಗಿಸಬಹುದು, ಕುಗ್ಗಿಸಬಹುದು.

ಮುದ್ರಣಾಲಯಗಳವರು ನಿಜವಾದ ಗುಮ್ಮಟಗಳನ್ನು ಬಿಟ್ಟಿರಲಿಲ್ಲ ಎನ್ನಿ. ಲಂಡನ್ನಿನ ಅಬ್ಬೆ ರಸ್ತೆಯಲ್ಲಿ 1931ರಲ್ಲಿ ತೆರೆದ ಇ.ಎಂ.ಐ. ಸಂಸ್ಥೆಯ ಸ್ಟುಡಿಯೋದಲ್ಲಿ ಪ್ರತಿಧ್ವನಿಗೆಂದೇ ಬರಿದಾದ ಕೋಣೆಯಿತ್ತು. ಒಳಗೊಂದು ಧ್ವನಿವರ್ಧಕ, ದೂರದಲ್ಲೊಂದು ಮೈಕು. ಹಾಡನ್ನು ಆ ಕೋಣೆಯೊಳಕ್ಕೆ ಬಿಟ್ಟು, ಗೋಡೆಗಳಿಗೆ ಬಡಿದು ಮಾಗಿದ ಮೇಲೆ ಮತ್ತೆ ಹಿಡಿದು ತರುತ್ತಿದ್ದರು. ಸದ್ದು ಚೆನ್ನಾಗಿ ಚದುರಲೆಂದು ಅಲ್ಲಿ ಚರಂಡಿಗೆ ಹಾಕುವ ನುಣುಪಾದ ಮಣ್ಣಿನ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿದ್ದರು. ಲೋಕಪ್ರಸಿದ್ಧ ಹಾಡುಗಳ ಇಂಪಿನಲ್ಲಿ ಚರಂಡಿಯ ಕೊಳವೆಗೂ ಪಾಲಿದೆ.

ಸುರುಳಿಯ ಇನ್ನೊಂದು ಗುಣ ಇದಕ್ಕಿಂತ ಮಹತ್ವದ್ದು. ಅಮೆರಿಕದ ಗಿಟಾರುವಾದಕ ಲೆಸ್ ಪಾಲ್, ತಾನು ನುಡಿಸಿದ ಮುದ್ರಿಕೆಯ ಜೊತೆಗೆ ತಾನೇ ಮತ್ತೊಮ್ಮೆ ನುಡಿಸಿ, ಎರಡನ್ನೂ ಕೂಡಿಸಿ, ಅದರ ಮೇಲೆ ಮೂರನೆಯದನ್ನು ಸೇರಿಸಿ ಒಬ್ಬನೇ ಒಂದು ತಂಡವಾದರು. ಪತ್ನಿ ಮೇರಿ ಫೋರ್ಡ್ ತನ್ನ ಕಂಠಕ್ಕೆ ತಾನೇ ಹಿಮ್ಮೇಳ ಹಾಡಿದರು. 1951ರ ಹೊತ್ತಿಗೆ ಈ ಬಗೆಯ ತಟ್ಟೆಗಳು ಮನೆಮಾತಾಗಿದ್ದವು. ಮುಂದೆ ಒಂದೇ ಸುರುಳಿಯ ಅಗಲದಲ್ಲಿ ಸಮಾನಾಂತರವಾಗಿ ಎರಡು, ನಾಲ್ಕು ಪಥಗಳನ್ನು ಬರೆಯುವ ಯಂತ್ರಗಳು ಬಂದವು. ಅವನ್ನು ಹೊಲದ ಸಾಲುಗಳೆಂದು ಭಾವಿಸಿರಿ. ಒಂದು ಸಾಲಿನಲ್ಲಿ ಜೋಳ, ಪಕ್ಕದ ಸಾಲಿನಲ್ಲಿ ತೊಗರಿ; ಒಂದನ್ನು ಕಿತ್ತು ಮತ್ತೆ ಬಿತ್ತಿದರೆ ಇನ್ನೊಂದಕ್ಕೆ ಧಕ್ಕೆಯಿಲ್ಲ. ಈಗ ಗಾಯಕನೂ ವಾದಕನೂ ಒಂದೇ ದಿನ, ಒಂದೇ ಕೋಣೆಯಲ್ಲಿ ಇರಲೇಬೇಕೆಂಬ ನಿಯಮ ಸಡಿಲಿತು.

ಹೊಸ ವಿದ್ಯೆಗೆ ದೊಡ್ಡ ಸಂಸ್ಥೆಯೇ ಬೇಕೆಂದೇನೂ ಇರಲಿಲ್ಲ. ಲಂಡನ್ನಿನ ಜೋ ಮೀಕ್ ಎಂಬವರು ಹಾಲೊವೇ ರಸ್ತೆಯ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಯಲ್ಲಿಯೇ ಮುದ್ರಣ ನಡೆಸುತ್ತಿದ್ದರು. ಅಲ್ಲಿ ತಯಾರಾದ 'ಟೆಲ್‌ಸ್ಟಾರ್' ಎಂಬ ವಾದ್ಯಕೃತಿ 1962ರಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ತರುಣರ 'ಬೀಟಲ್ಸ್' ತಂಡದ ಕಥೆಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. 1963ರ ಫೆಬ್ರವರಿ 11ರಂದು ಅಬ್ಬೆ ರಸ್ತೆಯ ಸ್ಟುಡಿಯೋದಲ್ಲಿ ಅವರು ತಮ್ಮ ಮೊದಲ ದೊಡ್ಡ ತಟ್ಟೆಗೆ ಬೇಕಾದ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಹಾಡಿ ಮುಗಿಸಿದರು. ಜಾನ್ ಲೆನನ್ ಅವರಿಗೆ ನೆಗಡಿಯಾಗಿತ್ತು; ಕೊನೆಯ ಹಾಡಿನಲ್ಲಿ ಗಂಟಲು ಹರಿದು ಹೋಗುವಂತಿತ್ತು. ಅದು ಹಳೆಯ ಕ್ರಮದ, ಅಂದರೆ ಅಮೀರಬಾಯಿಯವರ ಕಾಲದ ಕ್ರಮದ ಮುದ್ರಣವೇ. ನಾಲ್ಕು ವರ್ಷಗಳ ಬಳಿಕ, 1967ರಲ್ಲಿ ಹೊರಬಂದ 'ಸಾರ್ಜೆಂಟ್ ಪೆಪ್ಪರ್' ತಟ್ಟೆಗೆ ಅದೇ ನಾಲ್ವರು ಸುಮಾರು ಐದು ತಿಂಗಳು ತೆಗೆದುಕೊಂಡರು. ನಡುವೆ, 1966ರ ಆಗಸ್ಟಿನಲ್ಲಿ ವೇದಿಕೆಯ ಕಚೇರಿಗಳನ್ನು ಅವರು ನಿಲ್ಲಿಸಿಯೇಬಿಟ್ಟರು. ಅಭಿಮಾನಿಗಳ ಕಿರುಚಾಟದಲ್ಲಿ ತಮ್ಮ ವಾದ್ಯ ತಮಗೇ ಕೇಳಿಸುತ್ತಿರಲಿಲ್ಲವೆಂಬುದು ಒಂದು ಕಾರಣ. ಸ್ಟುಡಿಯೋದಲ್ಲಿ ಅವರು ಕಟ್ಟುತ್ತಿದ್ದ ಹಾಡುಗಳನ್ನು ಆಗಿನ ಯಾವ ವೇದಿಕೆಯ ಮೇಲೂ ನುಡಿಸುವುದು ಸಾಧ್ಯವಿರಲಿಲ್ಲವೆಂಬುದೂ ನಿಜ.

ಎಂತಹ ಹಾಡುಗಳು ಅವು? 1966ರ ಏಪ್ರಿಲಿನ 'ಟುಮಾರೋ ನೆವರ್ ನೋಸ್' ಎಂಬುದನ್ನು ನೋಡಿರಿ. ಹಾಡು ಬಹುಮಟ್ಟಿಗೆ ಒಂದೇ ಆಧಾರಸ್ವರದ ಮೇಲೆ, ತಂಬೂರಿಯ ಶ್ರುತಿಯ ಮೇಲೆಂಬಂತೆ ನಿಂತಿದೆ. ಲೆನನ್ ತನ್ನ ಧ್ವನಿ ದೂರದ ಪರ್ವತ ಶಿಖರದಿಂದ ಬೌದ್ಧ ಗುರುವೊಬ್ಬರು ಮಂತ್ರ ಪಠಿಸಿದಂತೆ ಕೇಳಿಸಬೇಕೆಂದು ಬಯಸಿದರು. ಆಗ ಧ್ವನಿತಂತ್ರಜ್ಞರಾಗಿದ್ದ ಜೆಫ್ ಎಮೆರಿಕ್ ಅವರ ವಯಸ್ಸು ಇಪ್ಪತ್ತು. ಅವರು ಲೆನನ್ನರ ಧ್ವನಿಯನ್ನು, ಆರ್ಗನ್ ವಾದ್ಯಕ್ಕೆಂದು ಮಾಡಿದ ತಿರುಗುವ ಧ್ವನಿವರ್ಧಕವೊಂದರ ಮೂಲಕ ಹಾಯಿಸಿದರು. ಜಾತ್ರೆಯ ದಿನಗಳಲ್ಲಿ ಜೀಪಿನ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿ ಸುತ್ತುವವನ ಕೂಗು ತಿರುವಿನಲ್ಲಿ ತಗ್ಗಿ, ಮತ್ತೆ ಹತ್ತಿರವಾಗುವುದನ್ನು ನೀವು ಕೇಳಿದ್ದೀರಿ. ಅದೇ ಏರಿಳಿತ ಕ್ಷಣಕ್ಕೆ ಹಲವು ಬಾರಿ ಆಗುವಂತೆ ಕಲ್ಪಿಸಿಕೊಳ್ಳಿರಿ.

ಅದೇ ಹಾಡಿಗೆ ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಟೇಪಿನ ಚಿಕ್ಕ ಚಿಕ್ಕ ತುಂಡುಗಳ ತುದಿಗಳನ್ನು ಅಂಟಿಸಿ, ಬಳೆಯಂತೆ ಕೊನೆಯಿಲ್ಲದೆ ಸುತ್ತುವ ಕುಣಿಕೆಗಳನ್ನು ಮಾಡಿಕೊಂಡು ತಂದಿದ್ದರು. ಒಂದರಲ್ಲಿ ಅವರದೇ ನಗು. ವೇಗ ಹೆಚ್ಚಿಸಿದಾಗ ಅದು ಕಡಲ ಹಕ್ಕಿಗಳ ಕೂಗಿನಂತಾಯಿತು. ಐದು ಕುಣಿಕೆಗಳನ್ನು ಏಕಕಾಲಕ್ಕೆ ಓಡಿಸಲು ಒಂದೇ ಕಡೆ ಯಂತ್ರಗಳಿರಲಿಲ್ಲ. ಕಟ್ಟಡದ ಬೇರೆ ಬೇರೆ ಕೋಣೆಗಳ ಯಂತ್ರಗಳನ್ನೆಲ್ಲ ತಂತಿಗಳಿಂದ ಜೋಡಿಸಿದರು. ಸಿಬ್ಬಂದಿಯವರು ಆಯಾ ಯಂತ್ರದ ಮುಂದೆ ನಿಂತು, ಸಡಿಲವಾದ ಕುಣಿಕೆ ಬಿಗಿಯಾಗಿರಲೆಂದು ಅದರೊಳಕ್ಕೆ ಪೆನ್ಸಿಲು ತೂರಿಸಿ ಹಿಡಿದುಕೊಂಡರು. ಇತ್ತ ನಿಯಂತ್ರಣ ಕೊಠಡಿಯಲ್ಲಿ ಒಂದೊಂದು ಕುಣಿಕೆಯ ಗುಂಡಿಯನ್ನೂ ಏರಿಸುತ್ತ ಇಳಿಸುತ್ತ, ಮೇಳದವರು ಜೊತೆಗೂಡಿ ನುಡಿಸುವಂತೆಯೇ ಅಲ್ಲಿದ್ದವರು ಆ ಮಿಶ್ರಣವನ್ನು ನುಡಿಸಿದರು. ಗುಂಡಿಗಳೇ ಅಂದು ವಾದ್ಯಗಳಾದವು. ಅಂದಿನ ಮಿಶ್ರಣವನ್ನು ಮತ್ತೊಮ್ಮೆ ಹಾಗೆಯೇ ಮಾಡಲು ಸಾಧ್ಯವಿರಲಿಲ್ಲ. ಎಲ್ಲವನ್ನೂ ಹಿಡಿದಿಟ್ಟುಕೊಳ್ಳಬಲ್ಲ ಯಂತ್ರದಿಂದಲೇ ಮರಳಿ ಬಾರದ ಕ್ಷಣವೊಂದು ಹುಟ್ಟಿತೆಂಬುದು ವಿಚಿತ್ರವಲ್ಲವೇ?

ನಾಲ್ಕು ಪಥಗಳು ತುಂಬಿದ ಮೇಲೆ ಇನ್ನಷ್ಟು ಸೇರಿಸಬೇಕಾದರೆ ಒಂದು ಉಪಾಯವಿತ್ತು. ನಾಲ್ಕನ್ನೂ ಕೂಡಿಸಿ ಇನ್ನೊಂದು ಯಂತ್ರದ ಒಂದೇ ಪಥಕ್ಕೆ ಇಳಿಸುವುದು; ಆಗ ಮೂರು ಪಥಗಳು ಖಾಲಿಯಾಗುತ್ತವೆ. ಆದರೆ ಕೂಡಿದುದನ್ನು ಮತ್ತೆ ಬಿಡಿಸುವಂತಿಲ್ಲ. ತಬಲ ಹೆಚ್ಚಾಯಿತು, ಕಂಠ ಕಡಿಮೆಯಾಯಿತು ಎಂದು ನಾಳೆ ಹಲುಬಿ ಪ್ರಯೋಜನವಿಲ್ಲ. ಪ್ರತಿ ಬಾರಿ ಇಳಿಸಿದಾಗಲೂ ಸುರುಳಿಯ 'ಹಿಸ್' ಎಂಬ ಸದ್ದು ಒಂದಿಷ್ಟು ಬೆಳೆಯುತ್ತದೆ. ಆದುದರಿಂದ ಹಾಡು ಮುಗಿದ ಮೇಲೆ ಹೇಗಿರಬೇಕೆಂಬುದನ್ನು ಅರ್ಧ ದಾರಿಯಲ್ಲಿಯೇ ನಿಶ್ಚಯಿಸುವ ಎದೆಗಾರಿಕೆ ಬೇಕಾಗಿತ್ತು. ಇಂದು ಗಣಕಯಂತ್ರದಲ್ಲಿ ನೂರಾರು ಪಥಗಳು ದೊರೆಯುತ್ತವೆ, ನಿರ್ಧಾರವನ್ನು ಎಷ್ಟು ದಿನವಾದರೂ ಮುಂದೂಡಬಹುದು. ಅದೊಂದೇ ಕಾರಣದಿಂದ ಇಂದಿನ ಹಾಡುಗಳು ಹೆಚ್ಚು ಚೆನ್ನಾಗಿವೆಯೆಂದು ನನಗೆ ತೋರುವುದಿಲ್ಲ.

ಅಮೆರಿಕದ 'ಬೀಚ್ ಬಾಯ್ಸ್' ತಂಡದ ಬ್ರಯಾನ್ ವಿಲ್ಸನ್ ಅವರು 1966ರಲ್ಲಿ 'ಗುಡ್ ವೈಬ್ರೇಷನ್ಸ್' ಎಂಬ ಸುಮಾರು ಮೂರೂವರೆ ನಿಮಿಷದ ಹಾಡನ್ನು ಹಲವು ತಿಂಗಳುಗಳ ಕಾಲ, ಬೇರೆ ಬೇರೆ ಸ್ಟುಡಿಯೋಗಳಲ್ಲಿ ತುಂಡು ತುಂಡಾಗಿ ಮುದ್ರಿಸಿ, ಕೌದಿ ಹೊಲಿದಂತೆ ಜೋಡಿಸಿದರು. ಇವರನ್ನು ಅನುಕರಿಸಿ, ಕಾರಣವಿಲ್ಲದೆ ಟೇಪನ್ನು ಹಿಂದುಮುಂದಾಗಿ ಓಡಿಸಿದವರೂ ಬಹುಮಂದಿ. ಅವರ ತಟ್ಟೆಗಳನ್ನು ಕಾಲ ಮರೆತಿದೆ.

ಇನ್ನು ನಮ್ಮ ನಾಡಿನವರ ವಿಷಯ. ಅಯನ ಅಂಗಡಿ ಅವರು ಉತ್ತರ ಕರ್ನಾಟಕದ ಜಕನೂರಿನವರು. 1903ರಲ್ಲಿ ಹುಟ್ಟಿ, 1924ರಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿಯೇ ನೆಲೆನಿಂತು, ಲೇಖಕರಾಗಿ ರಾಜಕೀಯ ಭಾಷಣಕಾರರಾಗಿ ಬಾಳಿದವರು. ಪತ್ನಿ ಪೆಟ್ರೀಷಿಯಾ ಚಿತ್ರಕಲಾವಿದೆ. ಈ ದಂಪತಿಗಳು 1946ರಲ್ಲಿ 'ಏಷ್ಯನ್ ಮ್ಯೂಸಿಕ್ ಸರ್ಕಲ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಭಾರತದ ಸಂಗೀತಗಾರರನ್ನು ಕರೆಸಿ ಇಂಗ್ಲೆಂಡಿನವರಿಗೆ ಕೇಳಿಸುವುದು ಅದರ ಉದ್ದೇಶ. ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾದರು.

1965ರ ಅಕ್ಟೋಬರಿನಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 'ನಾರ್ವೀಜಿಯನ್ ವುಡ್' ಹಾಡಿಗೆ ಸಿತಾರ್ ನುಡಿಸಿದರು. ಅವರಿಗೆ ಆಗ ಸಿತಾರಿನ ಪಾಠವೇನೂ ಆಗಿರಲಿಲ್ಲ. ಸಿತಾರಿನ ಸ್ವರಗಳು ಮೊನಚಾಗಿ ಚಿಮ್ಮುವುದರಿಂದ ಅಳತೆಯ ಮುಳ್ಳು ಎಗರಿ ಬೀಳುತ್ತಿತ್ತು. ಮುದ್ರಿಸುವವರಿಗೆ ಅದು ಕಷ್ಟದ ಕೆಲಸವಾಯಿತು. ನಡುವೆ ತಂತಿಯೊಂದು ಹರಿಯಿತು. ಲಂಡನ್ನಿನಲ್ಲಿ ಸಿತಾರಿನ ತಂತಿ ಎಲ್ಲಿ ಸಿಕ್ಕೀತು? ವಿಚಾರಿಸಿದಾಗ ಅಂಗಡಿಯವರ ಹೆಸರು ಬಂದಿತೆಂದೂ, ತಂತಿ ಅವರ ಮನೆಯಲ್ಲಿತ್ತೆಂದೂ, ಮನೆಮಂದಿಯೆಲ್ಲ ಅದನ್ನು ಹಿಡಿದುಕೊಂಡು ಸ್ಟುಡಿಯೋಕ್ಕೆ ಹೋದರೆಂದೂ ಹೇಳುತ್ತಾರೆ. ಅಡ್ಡಹೆಸರು ಅಂಗಡಿಯಾದರೂ ಅವರು ವ್ಯಾಪಾರಿಯಲ್ಲ. ಅಂದಿನಿಂದ ಹ್ಯಾರಿಸನ್ ಆ ಮನೆಯ ಕಚೇರಿಗಳಿಗೆ ಬರತೊಡಗಿದರು. ಪಂಡಿತ ರವಿಶಂಕರರ ಪರಿಚಯವಾದದ್ದೂ 1966ರಲ್ಲಿ, ಈ ಬಳಗದ ಮೂಲಕ.

ಇದರ ಫಲ 1967ರ ಮಾರ್ಚಿನಲ್ಲಿ ಕಾಣಿಸಿತು. 'ಸಾರ್ಜೆಂಟ್ ಪೆಪ್ಪರ್' ತಟ್ಟೆಗಾಗಿ ಹ್ಯಾರಿಸನ್ ರಚಿಸಿದ 'ವಿದಿನ್ ಯು ವಿದೌಟ್ ಯು' ಹಾಡಿಗೆ ಅಂಗಡಿಯವರ ಸಂಸ್ಥೆಯ ಭಾರತೀಯ ವಾದಕರು ಬಂದು ಸ್ಟುಡಿಯೋದ ನೆಲದ ಮೇಲೆ ಜಮಖಾನೆ ಹಾಸಿ ಕುಳಿತರು. ದೀಪಗಳನ್ನು ತಗ್ಗಿಸಿ ಊದುಬತ್ತಿ ಹಚ್ಚಿದ್ದರು. ಬೀಟಲ್ಸ್ ತಂಡದವರಲ್ಲಿ ನುಡಿಸಿದವರು ಹ್ಯಾರಿಸನ್ ಒಬ್ಬರೇ. ಉಳಿದ ಮೂವರಿಗೆ ಇದರಲ್ಲಿ ಪಾಲಿರಲಿಲ್ಲ. ತಬಲದ ಹತ್ತಿರಕ್ಕೆ, ಮರಿಯಾದೆಯ ಅಂತರವನ್ನು ಮೀರಿ, ಮೈಕನ್ನು ತಂದಿರಿಸುವುದನ್ನು ಎಮೆರಿಕ್ ಹಿಂದಿನ ವರ್ಷವೇ ರೂಢಿಸಿಕೊಂಡಿದ್ದರು. ನಮ್ಮ ಕಚೇರಿಗಳಲ್ಲಿ ಹತ್ತನೆಯ ಸಾಲಿನಲ್ಲಿ ಕುಳಿತವನಿಗೆ ಕೇಳಿಸದ ಬಾಯದ ಗುಂಯ್‌ಗುಡುವಿಕೆ, ಬೆರಳ ತುದಿಯ ಸವರಿಕೆ ಅದರಲ್ಲಿ ಕೇಳಿಸುತ್ತವೆ.

ಕೆಲವು ದಿನಗಳ ಬಳಿಕ ಎಂಟು ಪಿಟೀಲು, ಮೂರು ಚೆಲ್ಲೋ ವಾದಕರನ್ನು ಕರೆಸಿದರು. ದಿಲ್‌ರುಬಾದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಅವರೂ ಹಾಗೆಯೇ ಜಾರುತ್ತ ಹಿಂಬಾಲಿಸಬೇಕಾಗಿತ್ತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಆ ಜಾರಿಕೆಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಟ್ಟಿದ್ದರು. ನೆಟ್ಟಗೆ ನಿಂತ ಸ್ವರಗಳನ್ನೇ ಜೀವಮಾನವೆಲ್ಲ ನುಡಿಸಿದ್ದ ನುರಿತ ವಾದಕರು ಅಂದು ಎಳೆಯ ವಿದ್ಯಾರ್ಥಿಗಳಂತೆ ತಡವರಿಸಿದರು. ಎದುರಿಗೆ ಕುಳಿತು ತಿದ್ದಲು ದಿಲ್‌ರುಬಾದವರಿರಲಿಲ್ಲ. ಅವರ ನುಡಿಸಾಣಿಕೆ ಆಗಲೇ ಸುರುಳಿಯ ಒಂದು ಪಥದಲ್ಲಿತ್ತು. ಗುರು ಸುರುಳಿಯಲ್ಲಿ, ಶಿಷ್ಯರು ಕೋಣೆಯಲ್ಲಿ.

ತಟ್ಟೆ ಲೋಕವನ್ನೆಲ್ಲ ಸುತ್ತಿತು. ಅದರ ಹೊದಿಕೆಯ ಮೇಲೆ ಹತ್ತಾರು ಪ್ರಸಿದ್ಧರ ಚಿತ್ರಗಳಿದ್ದವು. ಭಾರತೀಯ ವಾದಕರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಹಿಂದಿನ ವರ್ಷದ 'ರಿವಾಲ್ವರ್' ತಟ್ಟೆಯಲ್ಲಿ ತಬಲ ನುಡಿಸಿದ್ದ ಅನಿಲ್ ಭಾಗವತರ ಹೆಸರಾದರೂ ಅಚ್ಚಾಗಿತ್ತು. ಇದರಲ್ಲಿ ಅದೂ ಇಲ್ಲ. ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕನ್ಸಾರಾ, ನಟವರ್ ಸೋನಿ ಎಂಬ ಹೆಸರುಗಳು ಬೆಳಕಿಗೆ ಬಂದದ್ದು ಐವತ್ತು ವರ್ಷಗಳ ತರುವಾಯ, 2017ರಲ್ಲಿ. ಗುಮ್ಮಟದಲ್ಲಿ ಕೂಗಿದವನ ದನಿ ಕೂಗಿದವನಿಗೇ ಹಿಂದಿರುಗುತ್ತದೆ. ಸುರುಳಿಗೆ ಅಂಥ ಕಟ್ಟುಪಾಡಿಲ್ಲ; ದನಿಯನ್ನು ಅದು ಒಡೆಯನಿಂದ ಬೇರ್ಪಡಿಸಿ ಲೋಕದ ಯಾವ ಮೂಲೆಗಾದರೂ ಒಯ್ಯುತ್ತದೆ, ಯಾರದೆಂದು ಹೇಳುವ ಹೊಣೆಯನ್ನು ಮನುಷ್ಯರಿಗೇ ಬಿಡುತ್ತದೆ.

1968ರ ಜನವರಿಯಲ್ಲಿ ಹ್ಯಾರಿಸನ್ ಮುಂಬಯಿಗೆ ಬಂದರು. ಅಲ್ಲಿನ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಾಲ್ಕು ಪಥಗಳ ಯಂತ್ರವಿರಲಿಲ್ಲ. ಎರಡು ಪಥಗಳದನ್ನು ಕಲ್ಕತ್ತದಿಂದ ತರಿಸಬೇಕಾಯಿತು. ಕೋಣೆಗೆ ಹೊರಗಿನ ಸದ್ದನ್ನು ತಡೆಯುವ ಗೋಡೆಗಳೂ ಇರಲಿಲ್ಲ. ಬೀದಿಯ ವಾಹನಗಳ ಗದ್ದಲ ತಗ್ಗುವ ಸಂಜೆಯವರೆಗೆ ಕಾದು ಮುದ್ರಿಸಬೇಕಾಗಿತ್ತು. ಅಬ್ಬೆ ರಸ್ತೆಯ ಉಪಾಯಗಳಾವುವೂ ಅಲ್ಲಿ ನಡೆಯುವಂತಿರಲಿಲ್ಲ. ಆಶಿಷ್ ಖಾನ್, ಹರಿಪ್ರಸಾದ್ ಚೌರಾಸಿಯಾ ಮೊದಲಾದ ವಾದಕರು ಹಳೆಯ ಕಾಲದಂತೆ ಕೂಡಿ ಕುಳಿತು, ಕೂಡಿಯೇ ನುಡಿಸಿದರು. ಸುರುಳಿಯನ್ನು ಹ್ಯಾರಿಸನ್ ಲಂಡನ್ನಿಗೆ ಒಯ್ದರು. ಫೆಬ್ರವರಿಯಲ್ಲಿ, ಅಬ್ಬೆ ರಸ್ತೆಯ ಕೋಣೆಯಲ್ಲಿ ನಿಂತು, ಮುಂಬಯಿಯ ಆ ಸಂಜೆಯ ಸಂಗೀತದ ಮೇಲೆ ತಮ್ಮ ಕಂಠವನ್ನು ಸೇರಿಸಿದರು. 'ದಿ ಇನ್ನರ್ ಲೈಟ್' ಎಂಬ ಆ ಹಾಡು ಮಾರ್ಚಿನಲ್ಲಿ ಸಣ್ಣ ತಟ್ಟೆಯೊಂದರ ಎರಡನೆಯ ಮುಖದಲ್ಲಿ ಹೊರಬಂದಿತು. ಕೊಳಲು ಮುಂಬಯಿಯದು, ಕಂಠ ಲಂಡನ್ನಿನದು. ಅವೆರಡೂ ಒಟ್ಟಿಗೆ ನುಡಿದ ಕೋಣೆ ಎಲ್ಲಿಯೂ ಇಲ್ಲ.